ಹಂಡೆಯ ಹಕ್ಕಳೆ ಮತ್ತು ಮಂಗಳನ ಕಲ್ಲು

ಹೋದ ಬೇಸಿಗೆ ರಜೆಗೆ ತಂಗಿಯ ಮಗಳು ದಾವಣಗೆರೆಯಿಂದ ನಮ್ಮ ಮನೆಗೆ ಬಂದಿದ್ದಳು. ಮೊದಲ ವರ್ಷದ ಪಿಯುಸಿ ಆಗಷ್ಟೇ ಮುಗಿದಿತ್ತು. ಅವಳು ಬಂದ ಮಾರನೇ ದಿನ ಅಮ್ಮ ಬಚ್ಚಲುಮನೆಯ ಹಂಡೆ ಶುಚಿ ಮಾಡಲು ಕೂತರು. ಚಿತ್ರದುರ್ಗದ ಬೋರ್ ನೀರು ಎಂಥದ್ದು ಅಂತ ಇಲ್ಲಿ ಸಂಸಾರ ಮಾಡಿದವರಿಗೆ ಗೊತ್ತು. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಕಾಯಿಸಿದ ಪಾತ್ರೆಗೆಲ್ಲ ಉಪ್ಪು ಕಟ್ಟುತ್ತದೆ. ನಮ್ಮ ಹಂಡೆಯೊಳಗೆ ಎಷ್ಟೋ ವರ್ಷದ ಹಕ್ಕಳೆ ಇತ್ತು. ಅಮ್ಮ ಉಳಿ ಇಟ್ಟು ತಟ್ಟಿದಾಗ ಅಂಗೈ ಅಗಲದ ಚೆಕ್ಕೆಯೊಂದು ಎದ್ದು ಬಂತು.

ಹುಡುಗಿ ಅದನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದಳು. ಮುರಿದ ಅಂಚಿನಲ್ಲಿ ಬಿಳಿ, ಕಂದು, ಮತ್ತೆ ಬಿಳಿ, ಮತ್ತೆ ಕಂದು. ಉಗುರಿಗಿಂತ ತೆಳ್ಳಗಿನ ಪದರದ ಮೇಲೆ ಪದರ. ಮೇಲ್ಭಾಗ ಸಣ್ಣ ಸಣ್ಣ ಗುಬುಟುಗಳಾಗಿ ಉಬ್ಬಿತ್ತು.

"ದೊಡ್ಡಮ್ಮ, ನಿನ್ನೆ ನೀವು ಫೋನಲ್ಲಿ ತೋರಿಸಿದ ಮಾರಿಕಣಿವೆ ಕಲ್ಲೂ ಹಿಂಗೇ ಇತ್ತಲ್ವಾ? ಅದು ಜೀವ ಕಟ್ಟಿದ ಕಲ್ಲು ಅಂದ್ರಿ. ಹಂಗಾದ್ರೆ ಇದನ್ನೂ ಜೀವ ಕಟ್ಟಿದ್ದಾ?"

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಇಷ್ಟು ಒಳ್ಳೆಯ ಪ್ರಶ್ನೆ ನನ್ನ ತರಗತಿಯಲ್ಲಿ ಎದ್ದದ್ದು ಕಡಿಮೆ. ಭೂಮಿಯಾಚೆ ಜೀವ ಇದೆಯೇ ಅಂತ ಹುಡುಕುವವರು ಹಗಲೂ ರಾತ್ರಿ ತಲೆ ಕೆಡಿಸಿಕೊಳ್ಳುವುದು ಇದೇ ಪ್ರಶ್ನೆಗೆ. ಅವರ ಕೆಲಸ ಅಂದರೆ ಆಕಾಶಕ್ಕೆ ಆಂಟೆನಾ ತಿರುಗಿಸಿ ಯಾರಾದರೂ ಮಾತಾಡುತ್ತಾರಾ ಅಂತ ಕಾಯುವುದು ಎಂದು ನಾವು ಅಂದುಕೊಂಡಿರುತ್ತೇವೆ. ಅದೂ ಇದೆ. ಆದರೆ ಅದಕ್ಕಿಂತ ಜಾಸ್ತಿ ಜನ ಮಾಡುತ್ತಿರುವುದು ಕಲ್ಲು, ಗಾಳಿ, ಮಣ್ಣಿನಲ್ಲಿ ಉಳಿದ ಗುರುತು ನೋಡಿ, ಇದನ್ನು ಮಾಡಿದ್ದು ಯಾರು ಅಂತ ಕೇಳುವ ಕೆಲಸ. ಜೀವವೋ, ಅಥವಾ ಸುಮ್ನೆ ರಸಾಯನ ಕ್ರಿಯೆಯೋ?

ಮೊದಲು ನಮ್ಮ ಮಾರಿಕಣಿವೆಯ ವಿಷಯ ಹೇಳಿಬಿಡುತ್ತೇನೆ. ಹಿರಿಯೂರಿನ ಹತ್ತಿರ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಅಣೆಕಟ್ಟು, ಮುಗಿದದ್ದು 1907ರಲ್ಲಿ. 1933ರ ಮೇಲೆ ಅದು ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಕ್ಕೆ. ಆಗ ಇಡೀ ಜಿಲ್ಲೆ ನೀರು ನೋಡಲು ಹೋಯಿತು. ನಾವೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಅಲ್ಲಿನ ಕಲ್ಲನ್ನು ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಆ ಪ್ರದೇಶದ ಸುಣ್ಣಕಲ್ಲಿನ ಪಟ್ಟಿಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ರಚನೆಗಳಿವೆ. 260 ಕೋಟಿ ವರ್ಷಕ್ಕಿಂತಲೂ ಹಳೆಯವು. ಭೂವಿಜ್ಞಾನಿಗಳು ಆ ಕಲ್ಲಿನ ಸಾಲಿಗೆ ಇಟ್ಟ ಹೆಸರೇ ವಾಣಿವಿಲಾಸ ಶಿಲಾಸಮೂಹ.

ಸ್ಟ್ರೊಮಾಟೊಲೈಟ್ ಆಗುವುದು ಹೀಗೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುವ ಪಾಚಿ ನೋಡಿದ್ದೀರಲ್ಲ, ಅಂಥದೇ ಒಂದು ಲೋಳೆ ಹಾಸು. ಅದರ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಹೆಚ್ಚಿನವು ಸಯನೋಬ್ಯಾಕ್ಟೀರಿಯಾ. ನೀರಿನಲ್ಲಿ ತೇಲಿ ಬಂದ ಸಣ್ಣ ಮರಳು, ಸುಣ್ಣದ ಕಣ ಆ ಲೋಳೆಗೆ ಅಂಟುತ್ತದೆ. ಜೀವಿಗಳಿಗೆ ಬೆಳಕು ಬೇಕು. ಹೂತುಹೋದರೆ ಸಾಯುತ್ತವೆ. ಹಾಗಾಗಿ ಆ ಕಣಗಳ ಸಂದಿಯಿಂದ ಮೇಲೆ ಬಂದು ಹೊಸ ಹಾಸು ಹಾಸುತ್ತವೆ. ಅದಕ್ಕೆ ಮತ್ತೆ ಮಣ್ಣು ಅಂಟುತ್ತದೆ, ಮತ್ತೆ ಮೇಲೆ ಬರುತ್ತವೆ. ಸಾವಿರಾರು ವರ್ಷ ಹೀಗೇ ನಡೆದರೆ ಕಲ್ಲಿನ ಗುಬುಟು ಏಳುತ್ತದೆ. ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಶಾರ್ಕ್ ಬೇ ಎಂಬಲ್ಲಿ ಇಂಥವು ಇಂದಿಗೂ ಬೆಳೆಯುತ್ತಿವೆ, ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಇಲ್ಲ. ಭೂಮಿಯ ಮೇಲೆ ಪ್ರಾಣಿ, ಗಿಡ, ಮೀನು ಯಾವುದೂ ಹುಟ್ಟುವ ಮೊದಲು ನೂರಾರು ಕೋಟಿ ವರ್ಷ ಸೂಕ್ಷ್ಮಜೀವಿಗಳದ್ದೇ ರಾಜ್ಯ. ಅವು ಕಣ್ಣಿಗೆ ಕಾಣುವಂತೆ ಕಟ್ಟಿಟ್ಟು ಹೋದದ್ದು ಈ ಗುಬುಟುಗಳು. ಮಂಗಳನಲ್ಲೋ ಇನ್ನೆಲ್ಲೋ ಜೀವ ಇದ್ದಿದ್ದರೆ ಅದೂ ಇಂಥ ಸೂಕ್ಷ್ಮಜೀವಿಯೇ ಆಗಿರುವ ಸಂಭವ ಜಾಸ್ತಿ. ಅದಕ್ಕೇ ಬೇರೆ ಗ್ರಹದಲ್ಲಿ ಜೀವ ಹುಡುಕುವವರು ಮೊದಲು ನಮ್ಮ ಭೂಮಿಯ ಹಳೇ ಕಲ್ಲುಗಳ ಮುಂದೆ ಕೂತು ಓದುತ್ತಾರೆ.

ಈಗ ಹಂಡೆಗೆ ಬರೋಣ. ಬೋರ್ ನೀರಿನಲ್ಲಿ ಕರಗಿದ ಸುಣ್ಣದ ಅಂಶ ಇರುತ್ತದೆ. ನೀರು ಕಾದಾಗ ಅದು ಕರಗಿದ ಸ್ಥಿತಿಯಲ್ಲಿ ಉಳಿಯಲಾರದೆ ಪಾತ್ರೆಯ ಗೋಡೆಗೆ ಕಟ್ಟಿಕೊಳ್ಳುತ್ತದೆ. ಒಂದು ದಿನ ತೆಳ್ಳಗೆ, ಒಂದು ದಿನ ಮಂದಕ್ಕೆ. ನಡುವೆ ಸ್ವಲ್ಪ ಮಣ್ಣು, ತುಕ್ಕು. ಅಷ್ಟಕ್ಕೇ ಪದರ ಆಯಿತು, ಗುಬುಟೂ ಆಯಿತು. ಕುದಿಯುವ ಹಂಡೆಯ ಗೋಡೆಗೆ ಹೀಗೆ ಸುಣ್ಣ ಕಟ್ಟಲು ಯಾವ ಜೀವಿಯೂ ಬೇಕಾಗಿಲ್ಲ. 1996ರಲ್ಲಿ ಜಾನ್ ಗ್ರಾಟ್ಜಿಂಗರ್ ಮತ್ತು ಡೇನಿಯಲ್ ರಾತ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಸುಣ್ಣ ಕಟ್ಟುವುದು, ಮಣ್ಣು ಬೀಳುವುದು, ಜೊತೆಗೆ ಸ್ವಲ್ಪ ಏರುಪೇರು, ಇಷ್ಟಿದ್ದರೆ ಸಾಕು, ಜೀವ ಇಲ್ಲದೆಯೂ ಸ್ಟ್ರೊಮಾಟೊಲೈಟ್ ತರಹದ ಆಕಾರ ಬರಬಹುದು. ಹಳೇ ಕಲ್ಲಿನ ಗುಬುಟು ತೋರಿಸಿ "ಇಗೋ ಜೀವ" ಅನ್ನುತ್ತಿದ್ದವರಿಗೆಲ್ಲ ಅದು ದೊಡ್ಡ ಪೆಟ್ಟು.

ಇಲ್ಲಿಂದ ಮುಂದಿನ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಹೆಸರು ಅಬಿಗೇಲ್ ಆಲ್‌ವುಡ್. ಆಸ್ಟ್ರೇಲಿಯಾದವಳು. ಓದಿದ್ದು ಭೂವಿಜ್ಞಾನ. ಪಿಎಚ್‌ಡಿಗಾಗಿ ಆಕೆ ಹೋದದ್ದು ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಎಂಬ ಕೆಂಪು ಕಲ್ಲುನೆಲಕ್ಕೆ. ಅಲ್ಲಿನ ಸ್ಟ್ರೆಲ್ಲಿ ಪೂಲ್ ಎಂಬ ಕಡೆಯ ಕಲ್ಲಿನ ವಯಸ್ಸು 343 ಕೋಟಿ ವರ್ಷ. ಅದರಲ್ಲೂ ಗುಬುಟುಗಳಿದ್ದವು, ಅವನ್ನು ಕಟ್ಟಿದ್ದು ಜೀವವೋ ಅಲ್ಲವೋ ಎಂಬ ಜಗಳವೂ ಇತ್ತು.

ಚಂದದ ಒಂದು ಕಲ್ಲು ಆರಿಸಿ ಕತ್ತರಿಸಿ ಲ್ಯಾಬಿಗೆ ಒಯ್ದಿದ್ದರೆ ಆ ಜಗಳ ಇನ್ನೂ ಮುಂದುವರಿಯುತ್ತಿತ್ತು. ಆಕೆ ನಡೆದಳು. ಸುಮಾರು 10 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಆ ಕಲ್ಲಿನ ಸಾಲನ್ನು ಹೊಲದ ಬದು ನೋಡುವ ರೈತನ ಹಾಗೆ ಅಡಿ ಅಡಿಯಾಗಿ ನೋಡಿ ನಕ್ಷೆ ಮಾಡಿದಳು. ಆಗ ಕಂಡದ್ದು ಏಳು ಬಗೆಯ ಆಕಾರ. ಕೆಲವು ಮೊಟ್ಟೆ ಇಡುವ ಟ್ರೇ ತರಹ, ಕೆಲವು ದೊಡ್ಡ ಶಂಕುಗಳು, ಕೆಲವು ಅಲೆ ಅಲೆ. ಬೇಕಾದಲ್ಲಿ ಬೇಕಾದ ಆಕಾರ ಅಂತ ಅವು ಚೆಲ್ಲಾಪಿಲ್ಲಿ ಇರಲಿಲ್ಲ. ಹಳೇ ಸಮುದ್ರದ ದಡ ಎಲ್ಲಿತ್ತು, ನೀರು ಎಲ್ಲಿ ಆಳ ಇತ್ತು ಎಂಬುದಕ್ಕೆ ತಕ್ಕಂತೆ ಒಂದೊಂದು ಕಡೆ ಒಂದೊಂದು ಬಗೆ. ಜೋಳಕ್ಕೊಂದು ನೆಲ, ಅಡಿಕೆಗೊಂದು ನೆಲ ಇರುವ ಹಾಗೆ. ಇನ್ನೊಂದು ಸೂಕ್ಷ್ಮ ಇದೆ. ಕಡಿದಾದ ಗುಪ್ಪೆಯ ಮೇಲೆ ಒಣ ಮರಳು ಸುರಿದು ನೋಡಿ. ಬದಿಯಲ್ಲಿ ನಿಲ್ಲದೆ ಜಾರಿ ಕೆಳಗೆ ಸೇರುತ್ತದೆ. ಆದರೆ ಆ ಶಂಕುಗಳ ಕಡಿದಾದ ಬದಿಯಲ್ಲೂ ಪದರ ಹಾಗೇ ನಿಂತಿತ್ತು. ಏನೋ ಒಂದು ಅಂಟು ಅದನ್ನು ಹಿಡಿದಿತ್ತು ಅಂತಾಯಿತು. ಲೋಳೆ ಹಾಸು ಇದ್ದಿದ್ದರೆ ಅದಕ್ಕೆ ಉತ್ತರ ಸಿಗುತ್ತದೆ.

ಹಂಡೆಯ ಹಕ್ಕಳೆಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಪದರ ಇದೆಯಾ ಅಂತ ಕೇಳಿದರೆ ಎರಡರಲ್ಲೂ ಇದೆ. ಸುತ್ತಲಿನ ಪರಿಸರ ಬದಲಾದ ಹಾಗೆ ಆಕಾರವೂ ಬದಲಾಗುತ್ತದಾ, ಬೆಳಕಿನ ಕಡೆ ಮೇಲೆದ್ದು ಬೆಳೆದಿದೆಯಾ, ಜಾರಿ ಬೀಳಬೇಕಾದದ್ದು ನಿಂತಿದೆಯಾ ಅಂತ ಕೇಳಿದಾಗ ದಾರಿ ಬೇರೆಯಾಗುತ್ತದೆ. 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆಲ್‌ವುಡ್ ಮತ್ತು ಸಂಗಡಿಗರ ಲೇಖನ ಬಂತು. ಭೂಮಿಯ ಅತಿ ಹಳೆಯ ಜೀವದ ಗುರುತುಗಳ ಬಗ್ಗೆ ಮಾತು ಬಂದಾಗಲೆಲ್ಲ ಇಂದಿಗೂ ಅದರ ಉಲ್ಲೇಖ ಬರುತ್ತದೆ.

ಆಕೆಯ ಮೇಲೆ ನನಗೆ ಗೌರವ ಹೆಚ್ಚಿದ್ದು ಆಮೇಲಿನ ಕೆಲಸದಿಂದ. 2016ರಲ್ಲಿ ಅಲೆನ್ ನಟ್‌ಮನ್ ಎಂಬ ವಿಜ್ಞಾನಿಯ ತಂಡ ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ ಸ್ಟ್ರೊಮಾಟೊಲೈಟ್ ಸಿಕ್ಕಿತು ಎಂದು ಪ್ರಕಟಿಸಿತು. ಆಲ್‌ವುಡ್‌ ಅಧ್ಯಯನ ಮಾಡಿದ ಕಲ್ಲಿಗಿಂತ ಸುಮಾರು 27 ಕೋಟಿ ವರ್ಷ ಹಳೆಯದು. ಜಗತ್ತೆಲ್ಲ ಸಂಭ್ರಮಿಸಿತು. ಆಕೆ ಗ್ರೀನ್‌ಲ್ಯಾಂಡಿಗೇ ಹೋಗಿ ಆ ಕಲ್ಲನ್ನು ಇನ್ನೊಂದು ಬದಿಯಿಂದ ನೋಡಿದಳು. ಸೀರೆಯ ನೆರಿಗೆಯನ್ನು ಅಂಚಿನಿಂದ ನೋಡಿದರೆ ಚೂಪು ಚೂಪಾದ ತುದಿಗಳ ಸಾಲು ಕಾಣುತ್ತದೆ. ಮುಂದಿನಿಂದ ನೋಡಿದರೆ ಉದ್ದನೆಯ ಮಡಿಕೆ. ಗ್ರೀನ್‌ಲ್ಯಾಂಡಿನ ಶಂಕುಗಳೂ ಹಾಗೇ. ಒಂದು ಮುಖದಲ್ಲಿ ಶಂಕು, ಪಕ್ಕದ ಮುಖದಲ್ಲಿ ಉದ್ದಕ್ಕೆ ಎಳೆದ ಏಣು. ಭೂಮಿಯೊಳಗಿನ ಒತ್ತಡಕ್ಕೆ ಕಲ್ಲು ಮಡಿಚಿ ಹಾಗಾಗಿದೆ ಎಂದು 2018ರಲ್ಲಿ ಆಕೆಯ ತಂಡ ಬರೆಯಿತು. ನಟ್‌ಮನ್ ತಂಡ ಒಪ್ಪಲಿಲ್ಲ. ನನಗಂತೂ ಆಲ್‌ವುಡ್ ವಾದವೇ ಗಟ್ಟಿ ಅನಿಸುತ್ತದೆ. ಜೀವದ ಗುರುತು ಸಿಗಲಿ ಅಂತ ಇಡೀ ವೃತ್ತಿಜೀವನ ಹಂಬಲಿಸಿದವಳೇ, ಸಿಕ್ಕಿತು ಅಂತ ಎಲ್ಲರೂ ಕುಣಿಯುವಾಗ, ತಡೀರಿ, ಇನ್ನೊಂದು ಮಗ್ಗುಲು ನೋಡೋಣ ಅಂದಳಲ್ಲ.

ಕಲ್ಲಿನ ಆಕಾರದ ಮಾತಾಯಿತು. ಕಲ್ಲಿನೊಳಗಿನ ಇಂಗಾಲವೂ ಮಾತಾಡುತ್ತದೆ. ಇಂಗಾಲದಲ್ಲಿ ಹಗುರ ಒಂದು, ಸ್ವಲ್ಪ ಭಾರ ಒಂದು ಇದೆ. ಇಂಗಾಲ-12 ನೂರಕ್ಕೆ 99ರಷ್ಟು, ಇಂಗಾಲ-13 ಉಳಿದ 1ರಷ್ಟು. ದಾವಣಗೆರೆ ಮಾರ್ಕೆಟಿನಲ್ಲಿ ಹಮಾಲರ ಮುಂದೆ ಎರಡು ತೂಕದ ಚೀಲ ಇಟ್ಟು, ಬೇಕಾದದ್ದು ಎತ್ತಿ ಅಂದರೆ ಹಗುರದ್ದೇ ಮೊದಲು ಖಾಲಿಯಾಗುತ್ತದೆ ಅಲ್ವಾ? ಜೀವಿಗಳೂ ಹಾಗೇ, ಆಹಾರ ಮಾಡಿಕೊಳ್ಳುವಾಗ ಹಗುರ ಇಂಗಾಲ ಇರುವುದನ್ನೇ ಹೆಚ್ಚು ಬಳಸುತ್ತವೆ. ಹಾಗಾಗಿ ಅವುಗಳ ಮೈಯಲ್ಲಿ, ಅವು ಸತ್ತು ಉಳಿದ ಕಪ್ಪು ಕಣದಲ್ಲಿ ಇಂಗಾಲ-12ರ ಪಾಲು ಒಂದಿಷ್ಟು ಜಾಸ್ತಿ. ಆದರೆ ಬಿಸಿನೀರು, ಲೋಹ ಸೇರಿ ನಡೆಯುವ ಕೆಲವು ರಾಸಾಯನಿಕ ಕ್ರಿಯೆಗಳೂ ಇದೇ ತರಹದ ವ್ಯತ್ಯಾಸ ಮಾಡಬಲ್ಲವು. ಅದಕ್ಕೇ ಇದೊಂದನ್ನೇ ನಂಬಿ ಯಾರೂ ತೀರ್ಪು ಕೊಡುವುದಿಲ್ಲ.

ಇನ್ನು ಮಂಗಳ. ಪಿಎಚ್‌ಡಿ ಮುಗಿಸಿ ಆಲ್‌ವುಡ್ ಅಮೆರಿಕದ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಸೇರಿದಳು. ಕಲ್ಲಿನ ಮೇಲೆ ಕೂದಲೆಳೆ ದಪ್ಪದ ಎಕ್ಸ್‌ರೇ ಬಿಟ್ಟು, ಯಾವ ಚುಕ್ಕೆಯಲ್ಲಿ ಯಾವ ಧಾತು ಇದೆ ಅಂತ ನಕ್ಷೆ ಬರೆಯುವ ಉಪಕರಣದ ತಂಡಕ್ಕೆ ಮುಖ್ಯಸ್ಥೆಯಾದಳು. ಅದರ ಹೆಸರು ಪಿಕ್ಸೆಲ್. ಪರ್ಸಿವರೆನ್ಸ್ ಎಂಬ ರೋವರಿನ, ಅಂದರೆ ಮಂಗಳನ ಮೇಲೆ ಓಡಾಡುವ ನಾಸಾದ ಯಂತ್ರಗಾಡಿಯ ತೋಳ ತುದಿಯಲ್ಲಿ ಕೂತು ಅದು 2021ರ ಫೆಬ್ರವರಿ 18ರಂದು ಮಂಗಳನ ಜೆಜೆರೊ ಕುಳಿಯಲ್ಲಿ ಇಳಿಯಿತು. ಅದು ಹೆಚ್ಚು ಕೆಲಸ ಮಾಡುವುದು ರಾತ್ರಿ. ಹಗಲಿನಲ್ಲಿ ಬಿಸಿಲು ಏರಿ ಇಳಿದ ಹಾಗೆ ರೋವರಿನ ಲೋಹದ ತೋಳು ಹಿಗ್ಗಿ ಕುಗ್ಗುತ್ತದೆ. ಕೂದಲೆಳೆ ಲೆಕ್ಕದ ಕೆಲಸಕ್ಕೆ ಆ ಅಲ್ಲಾಟವೂ ದೊಡ್ಡದೇ.

ಜೆಜೆರೊ ಅಂದರೆ ಯುರೋಪಿನ ಕೆಲವು ಸ್ಲಾವಿಕ್ ಭಾಷೆಗಳಲ್ಲಿ ಕೆರೆ ಎಂದರ್ಥ. 45 ಕಿಲೋಮೀಟರ್ ಅಗಲದ ಆ ಕುಳಿ ಸುಮಾರು 350 ಕೋಟಿ ವರ್ಷದ ಹಿಂದೆ ನಿಜಕ್ಕೂ ಕೆರೆಯಾಗಿತ್ತು. ನದಿ ಬಂದು ಸೇರುತ್ತಿತ್ತು, ಹೂಳು ಕೂರುತ್ತಿತ್ತು. ಪಿಲ್ಬರಾದ ಸಮುದ್ರದಲ್ಲಿ ಶಂಕುಗಳು ಬೆಳೆಯುತ್ತಿದ್ದ ಕಾಲಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಭೂಮಿಯಲ್ಲಿ ಅಷ್ಟು ಹಳೇ ಕಲ್ಲು ಬಹುಪಾಲು ಬೆಂದು, ಮಡಿಚಿ, ಸವೆದು ಹೋಗಿದೆ. ಮಂಗಳನಲ್ಲಿ ಹಾಗೇ ಬಿದ್ದಿದೆ.

2024ರ ಜುಲೈಯಲ್ಲಿ ಆ ಕೆರೆಗೆ ನೀರು ತರುತ್ತಿದ್ದ ಹಳೇ ನದಿಪಾತ್ರದಲ್ಲಿ ರೋವರಿಗೆ ಒಂದು ಕಲ್ಲು ಸಿಕ್ಕಿತು. ಮೀಟರ್ ಉದ್ದದ್ದು, ಬಾಣದ ಮೊನೆ ತರಹದ್ದು. ಹೆಸರು ಚೆಯಾವಾ ಫಾಲ್ಸ್ ಎಂದಿಟ್ಟರು. ಕೆಂಪು ಕಲ್ಲಿನ ಮೈ ಮೇಲೆ ಬಿಳಿಚಿದ ಸಣ್ಣ ಮಚ್ಚೆಗಳು, ಪ್ರತಿ ಮಚ್ಚೆಗೂ ಕಪ್ಪು ಅಂಚು. ನೋಡಲು ಥೇಟ್ ಚಿರತೆ ಚರ್ಮ. ಪಿಕ್ಸೆಲ್ ಆ ಅಂಚುಗಳಲ್ಲಿ ಕಬ್ಬಿಣ, ರಂಜಕ ಕಂಡಿತು. ಇನ್ನೊಂದು ಉಪಕರಣಕ್ಕೆ ಇಂಗಾಲದ ಸಂಯುಕ್ತಗಳು ಕಂಡವು. ಮಚ್ಚೆಗಳಲ್ಲಿ ಇರುವುದು ವಿವಿಯನೈಟ್, ಗ್ರೆಗೈಟ್ ಎಂಬ ಖನಿಜಗಳು ಇರಬೇಕು ಎಂದು 2025ರ ಸೆಪ್ಟೆಂಬರಿನಲ್ಲಿ ಜೋಯೆಲ್ ಹುರೋವಿಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದರು. ವಿವಿಯನೈಟ್ ನಮ್ಮಲ್ಲಿ ಕೆರೆಯ ಹೂಳಿನಲ್ಲಿ, ಕೊಳೆತ ವಸ್ತುವಿನ ಸುತ್ತ ಕಾಣಿಸಿಕೊಳ್ಳುವಂಥದ್ದು. ನಾವು ಅನ್ನ ತಿಂದು ಆಮ್ಲಜನಕ ಉಸಿರಾಡುವ ಹಾಗೆ ಕೆಲವು ಸೂಕ್ಷ್ಮಜೀವಿಗಳು ಕೊಳೆತದ್ದನ್ನು ತಿಂದು ಕಬ್ಬಿಣವನ್ನು, ಗಂಧಕವನ್ನು ಬಳಸಿ ಬದುಕುತ್ತವೆ. ಅವು ಉಳಿಸಿ ಹೋಗುವ ಖನಿಜಗಳಲ್ಲಿ ಇವೂ ಸೇರಿವೆ.

ಜೀವ ಸಿಕ್ಕೇ ಬಿಟ್ಟಿತು ಅಂತ ಆ ವಾರ ನನಗೆ ವಾಟ್ಸಾಪಿನಲ್ಲಿ ಬಂದ ಸಂದೇಶಗಳಿಗೆ ಲೆಕ್ಕವಿಲ್ಲ. ವಿಜ್ಞಾನಿಗಳು ಬಳಸಿದ ಮಾತು ಬೇರೆ. "ಜೀವದ ಗುರುತು ಆಗಿರಬಹುದಾದದ್ದು" ಅಂದರು. ಇವೇ ಖನಿಜಗಳು ಜೀವ ಇಲ್ಲದೆಯೂ ಆಗಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಜಾಸ್ತಿ ಬಿಸಿಯೋ ಆಮ್ಲವೋ ಬೇಕು. ಈ ಕಲ್ಲು ಬೆಂದ ಲಕ್ಷಣ ಕಂಡಿಲ್ಲ. ಅದೇ ಕುತೂಹಲಕ್ಕೆ ಕಾರಣ. ರೋವರ್ ಆ ಕಲ್ಲನ್ನು ಕೊರೆದು ಸೀಮೆಸುಣ್ಣದ ಕಡ್ಡಿಯಷ್ಟು ದಪ್ಪದ ತುಂಡೊಂದನ್ನು ಕೊಳವೆಯಲ್ಲಿ ಮುಚ್ಚಿ ಇಟ್ಟುಕೊಂಡಿದೆ. ಅದು ಭೂಮಿಯ ಲ್ಯಾಬಿಗೆ ಬಂದರೆ ಇಂಗಾಲದ ತೂಕದಿಂದ ಹಿಡಿದು ಎಲ್ಲವನ್ನೂ ನೋಡಬಹುದು.

ಎಷ್ಟು ನೋಡಿದರೆ ಸಾಕು? ಇದಕ್ಕೆ ಆಗ ನಾಸಾದ ಮುಖ್ಯ ವಿಜ್ಞಾನಿಯಾಗಿದ್ದ ಜಿಮ್ ಗ್ರೀನ್ ಮತ್ತು ಸಂಗಡಿಗರು 2021ರಲ್ಲಿ ಏಳು ಹಂತದ ಒಂದು ಅಳತೆಗೋಲು ಮುಂದಿಟ್ಟರು. ನಮ್ಮ ಊರಿನವಳಿಗೆ ಏಳು ಅಂದ ಕೂಡಲೇ ನೆನಪಾಗುವುದು ಏಳು ಸುತ್ತಿನ ಕೋಟೆಯೇ. ಹುಡುಗಿಗೂ ಹಾಗೇ ಹೇಳಿದೆ. ಮೊದಲ ಸುತ್ತು, ಗುರುತು ಕಂಡಿತು. ಎರಡನೇ ಸುತ್ತು, ಆ ಗುರುತು ನಮ್ಮ ಕೈಯಿಂದಲೋ ನಮ್ಮ ಯಂತ್ರದಿಂದಲೋ ಅಂಟಿದ್ದಲ್ಲ ಅಂತ ಖಾತ್ರಿ ಮಾಡಬೇಕು. ಮೂರು, ಅಂಥ ಜಾಗದಲ್ಲಿ ಜೀವ ಅದನ್ನು ಮಾಡಬಲ್ಲದು ಅಂತ ತೋರಿಸಬೇಕು. ನಾಲ್ಕನೆಯದು ಎಲ್ಲಕ್ಕಿಂತ ಎತ್ತರದ ಗೋಡೆ. ನಮಗೆ ಗೊತ್ತಿರುವ ಜೀವವಲ್ಲದ ಯಾವ ಕಾರಣವೂ ಅಲ್ಲಿ ಹೊಂದುವುದಿಲ್ಲ ಅಂತ ಸಾಧಿಸಬೇಕು. ಅಲ್ಲಿಂದ ಮುಂದೆ ಸಂಬಂಧವಿಲ್ಲದ ಬೇರೊಂದು ಗುರುತು, ಬೇರೆಯವರ ಬೇರೆ ಪರೀಕ್ಷೆ, ಹೀಗೆ ಏಳರವರೆಗೆ.

ಈ ನಾಲ್ಕನೆಯ ಸುತ್ತಿನಲ್ಲಿ ದೊಡ್ಡವರೂ ಎಡವಿದ್ದಾರೆ. 1984ರಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಉಲ್ಕೆಯೊಂದು ಮಂಗಳನಿಂದ ಬಂದ ಕಲ್ಲು ಅಂತ ಗೊತ್ತಾಯಿತು. 1996ರಲ್ಲಿ ಅದರೊಳಗೆ ಸೂಕ್ಷ್ಮಜೀವಿಯ ಗುರುತಿದೆ ಎಂದು ನಾಸಾ ವಿಜ್ಞಾನಿಗಳು ಹೇಳಿದರು. ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅದರ ಬಗ್ಗೆ ಮಾತಾಡಿದರು. ಆಮೇಲಿನ ವರ್ಷಗಳಲ್ಲಿ ಆ ಒಂದೊಂದು ಗುರುತಿಗೂ ಜೀವವಿಲ್ಲದ ಕಾರಣ ಸಿಗುತ್ತಾ ಹೋಯಿತು.

ನಕ್ಷತ್ರಗಳ ಸುತ್ತಲಿನ ಗ್ರಹಗಳ ಕಥೆ ಇನ್ನೂ ಕಷ್ಟ, ಯಾಕೆಂದರೆ ಅಲ್ಲಿಗೆ ರೋವರ್ ಹೋಗಲಾರದು. ಗ್ರಹ ತನ್ನ ಸೂರ್ಯನ ಮುಂದೆ ಹಾದು ಹೋಗುವಾಗ ಅದರ ಗಾಳಿಯ ತೆಳು ಅಂಚಿನ ಮೂಲಕ ಸೋಸಿ ಬಂದ ಬೆಳಕನ್ನು ನೋಡಿ, ಯಾವ ಅನಿಲ ಇದೆ ಅಂತ ಹೇಳಬೇಕು. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವಿದೆ ಎಂದು ಭಾರತ ಮೂಲದ ನಿಕ್ಕು ಮಧುಸೂದನ್ ತಂಡ 2025ರ ಏಪ್ರಿಲಿನಲ್ಲಿ ಹೇಳಿತು. ಭೂಮಿಯಲ್ಲಿ ಇದನ್ನು ಹೆಚ್ಚಾಗಿ ಮಾಡುವುದು ಸಮುದ್ರದ ಸೂಕ್ಷ್ಮಜೀವಿಗಳು. ಆದರೆ ಅದೇ ಅನಿಲ ಧೂಮಕೇತುವೊಂದರಲ್ಲೂ ಸಿಕ್ಕಿದೆ, ಅಲ್ಲಿ ಯಾವ ಸಮುದ್ರವೂ ಇಲ್ಲ. ಅದೇ ಮಾಹಿತಿಯನ್ನು ಬೇರೆ ತಂಡಗಳು ಲೆಕ್ಕ ಹಾಕಿದಾಗ ಸುಳಿವು ಅಷ್ಟು ಗಟ್ಟಿಯಾಗಿ ಕಾಣಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗಿ ಒಂದು ಮಾತು ಕೇಳಿದಳು. "ದೊಡ್ಡಮ್ಮ, ಇದಕ್ಕೆ ಬೆಂಗಳೂರಿಗೋ ಅಮೆರಿಕಕ್ಕೋ ಹೋಗ್ಲೇಬೇಕಾ?" ಮುಂದೆ ಹೋಗಬೇಕಾಗಬಹುದು ಅಂದೆ. ಶುರು ಮಾಡಲು ಮಾತ್ರ ನಮ್ಮಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ಲಾವಾ ದಿಂಬು ದಿಂಬಾಗಿ ಗಟ್ಟಿಯಾದ ಕಲ್ಲಿದೆ. ಸುಮಾರು 250 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಭೀಮಸಮುದ್ರದ ಕಡೆಯಿಂದ ಬರುವ ಅದಿರು ಲಾರಿಗಳ ಕೆಂಪು ಧೂಳು ಹಳೇ ಸಮುದ್ರದ ಕಬ್ಬಿಣ ತುಕ್ಕು ಹಿಡಿದು ತಳ ಸೇರಿದ್ದು. ಆ ತುಕ್ಕಿನಲ್ಲಿ ಸೂಕ್ಷ್ಮಜೀವಿಗಳ ಪಾಲೆಷ್ಟು ಎಂಬುದು ಇಂದಿಗೂ ಬಿಸಿ ಚರ್ಚೆ. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂತೆ ನೆಲ ತೋಡಿ ಇಸ್ರೋ ಚಂದ್ರಯಾನದ ಲ್ಯಾಂಡರಿನ ಕಣ್ಣುಗಳನ್ನು ಪರೀಕ್ಷಿಸಿದೆ. ನಮ್ಮ ಹೆಣ್ಣುಮಕ್ಕಳು ಡಾಕ್ಟರು, ಎಂಜಿನಿಯರು ಎಂಬ ಎರಡೇ ಬಾಗಿಲ ಮುಂದೆ ನೂಕುನುಗ್ಗಲು ಮಾಡುವುದು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಿಎಸ್ಸಿಯಲ್ಲಿ ಭೂವಿಜ್ಞಾನ ತಗೊಂಡ ಹುಡುಗಿಯೂ ಮಂಗಳನವರೆಗೆ ಹೋಗಬಹುದು ಅಂತ ಮನೆಯವರಿಗೆ ಯಾರಾದರೂ ಹೇಳಬೇಕು.

ಅಮ್ಮ ಹಂಡೆಯ ಚೆಕ್ಕೆಗಳನ್ನೆಲ್ಲ ಗುಡಿಸಿ ತಿಪ್ಪೆಗೆ ಹಾಕಲು ಹೊರಟಾಗ ಹುಡುಗಿ ತಡೆದಳು. "ಅಜ್ಜಿ, ಒಂದು ಇರಲಿ." ಅಂಗೈ ಅಗಲದ ಆ ಚೆಕ್ಕೆಯನ್ನು ಪೇಪರಿನಲ್ಲಿ ಸುತ್ತಿ, ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಳು. ಮೇಲೆ ಚೀಟಿ ಅಂಟಿಸಿದಳು. ಏನು ಬರೆದಿದ್ದಾಳೆ ಅಂತ ನಾನು ಬಗ್ಗಿ ನೋಡಿದೆ. ಸಿಕ್ಕಿದ ಜಾಗ: ಅಜ್ಜಿ ಮನೆ ಹಂಡೆ, ಎಡಗೋಡೆ. ನೀರು: ಬೋರ್, ದಿನಾ ಎರಡು ಸಲ ಕಾಯಿಸಿದ್ದು. ಪದರ: 31, ಮೂರು ಸಲ ಎಣಿಸಿದೆ. "ಯಾರು ಮಾಡಿದ್ದು" ಎಂಬುದರ ಮುಂದೆ ಜಾಗ ಖಾಲಿ ಬಿಟ್ಟಿದ್ದಳು.